ಗಾಂಧಿ ಕ್ಲಾಸಿನಿಂದ: ಕರಡಿ ಮರಿಗಳ ಕಾಡಿನಲ್ಲಿ ಒಬ್ಬ ಅಜ್ಜಿ

ಈ ವಾರದ ಟಪಾಲಿನಲ್ಲಿ ಶಿವಮೊಗ್ಗದಿಂದ ಒಂದು ಕಾರ್ಡು ಬಂದಿದೆ. ಬರೆದವರು ಕಾಲೇಜು ಹುಡುಗರಿರಬೇಕು, ಅಕ್ಷರದಲ್ಲೇ ಆವೇಶ ಕಾಣುತ್ತದೆ. 'ಸಾರ್, ಸ್ಟಾರ್ ವಾರ್ಸ್‌ನ ಆ ಹಳೇ ಮೂರನೇ ಪಿಚ್ಚರ್ ನೋಡಿದೆ. ಚಕ್ರವರ್ತಿಯ ಇಡೀ ಸೈನ್ಯವನ್ನು ಕರಡಿ ಗೊಂಬೆಗಳು ಕಲ್ಲು ಹೊಡೆದು ಸೋಲಿಸ್ತವೆ! ನಮ್ಮ ಕಿವಿ ಮೇಲೆ ಹೂವು ಇಡೋದಕ್ಕೂ ಒಂದು ಮಿತಿ ಬೇಡವೆ?'

ಮಿತ್ರರೇ, ಕೋಪ ನ್ಯಾಯವಾದದ್ದೇ. ನಾನೂ ಒಂದು ಕಾಲದಲ್ಲಿ ಹೀಗೇ ನಕ್ಕವನು. ಆದರೆ ಆ ನಗುವಿಗೆ ಒಂದು ಬಾಕಿ ಉಳಿದುಬಿಟ್ಟಿತ್ತು. ಅದನ್ನು ತೀರಿಸುವುದಕ್ಕೆ ನನಗೆ ಎಷ್ಟೋ ವರ್ಷ ಹಿಡಿಯಿತು. ಈ ವಾರ ಅದೇ ಕಥೆ.

ನಮ್ಮೂರ ಬಸ್ ಸ್ಟ್ಯಾಂಡಿನ ಹಿಂದೆ ಆಗ ಒಂದು ವಿಡಿಯೋ ಪಾರ್ಲರ್ ಇತ್ತು. ತಗಡಿನ ಚಾವಣಿ, ಕಿಟಕಿಗೆ ಕಪ್ಪು ಬಟ್ಟೆ, ಎರಡು ರೂಪಾಯಿ ಟಿಕೆಟ್. ಅಲ್ಲಿ ಕ್ಯಾಸೆಟ್ ಹಾಕುವ ಹುಡುಗನೊಬ್ಬನಿದ್ದ. ವಯಸ್ಸು ನಮ್ಮದೇ, ಎತ್ತರ ಮಾತ್ರ ನಾಲ್ಕಡಿ. ನಾವೆಲ್ಲ ಅವನನ್ನು 'ಗಿಡ್ಡ' ಅಂತಲೇ ಕರೆಯುತ್ತಿದ್ದೆವು. ಅವನಿಗೊಂದು ಹೆಸರಿತ್ತು, ಆದರೆ ನಾವ್ಯಾರೂ ಅದನ್ನು ಬಳಸಿದ್ದು ನೆನಪಿಲ್ಲ. ಪರದೆಯ ಮೇಲೆ ದ್ವಾರಕೀಶ್ ಬಂದರೆ 'ಕುಳ್ಳ... ಕುಳ್ಳ...' ಅಂತ ಪ್ರೀತಿಯಿಂದ ಶಿಳ್ಳೆ ಹೊಡೆಯುತ್ತಿದ್ದವರು ನಾವೇ. ಪರದೆಯ ಪಕ್ಕದಲ್ಲಿ ನಿಂತವನ ಪಾಲಿಗೆ ಮಾತ್ರ ಗೇಲಿ!

ಅಲ್ಲಿ ಒಂದು ದಿನ 'ರಿಟರ್ನ್ ಆಫ್ ದಿ ಜೇಡೈ' ಹಾಕಿದರು. ಅಮೆರಿಕದಲ್ಲಿ 1983ರ ಮೇ 25ರಂದು ಬಿಡುಗಡೆಯಾದ ಚಿತ್ರ. ಕಥೆ ಜಾರ್ಜ್ ಲೂಕಾಸ್, ನಿರ್ದೇಶನ ರಿಚರ್ಡ್ ಮಾರ್ಕ್ವಾಂಡ್. ಎಂಡಾರ್ ಎಂಬ ಕಾಡಿನ ಉಪಗ್ರಹದಲ್ಲಿ ಈ ಕರಡಿ ಮರಿಗಳು ಬಂದವೋ ಇಲ್ಲವೋ, ಪಾರ್ಲರಿನಲ್ಲಿ ನಗುವೋ ನಗು. ಕಾಳಗದಲ್ಲಿ ಗುಂಡು ಸಿಡಿದು ಒಂದು ಕರಡಿ ಬೀಳುತ್ತದೆ. ಜೊತೆಗಾರ ಬಂದು ಅದನ್ನು ಅಲುಗಾಡಿಸಿ ಎಬ್ಬಿಸಲು ನೋಡುತ್ತಾನೆ, ಅದು ಏಳುವುದಿಲ್ಲ. ನಾವು ಅದಕ್ಕೂ ನಕ್ಕೆವು. ಹಿಂದಿನಿಂದ ಗಿಡ್ಡನ ಧ್ವನಿ ಬಂತು: 'ನಗಬ್ಯಾಡ್ರೋ, ಸತ್ತಿದಾನೆ ಕಣ್ರೋ.'

ಆಟ ಮುಗಿದ ಮೇಲೆ ಅವನು ನನ್ನನ್ನು ತಡೆದು ಕೇಳಿದ: 'ಏನಪ್ಪಾ ಕಾಲೇಜು, ಅವು ಮಾತಾಡಿದ್ದು ಯಾವ ಭಾಷೆ?' ನಾನು ದೊಡ್ಡ ಪಂಡಿತನ ಹಾಗೆ ಹೇಳಿದೆ: 'ಭಾಷೆ ಎಲ್ಲಿ ಬಂತೋ, ಸುಮ್ನೆ ಒದರಾಟ ಅದು.'

ಆ ಉತ್ತರ ತಪ್ಪು. ಎಷ್ಟು ತಪ್ಪು ಅಂತ ಮುಂದೆ ಹೇಳುತ್ತೇನೆ.

* * *

ಮೊದಲು ಈ ಕಾಡಿನ ಜನರ ಪರಿಚಯವಾಗಲಿ. ಇವರ ಕುಲದ ಹೆಸರು ಈವಾಕ್. ಒಂದು ತಮಾಷೆ ಗಮನಿಸಿ: ಚಿತ್ರದ ಸಂಭಾಷಣೆಯಲ್ಲಿ ಈ ಹೆಸರು ಒಂದು ಸಲವೂ ಬರುವುದಿಲ್ಲ! ಬೇಕಾದರೆ ಕಿವಿಗೊಟ್ಟು ಕೇಳಿ. ಹಾಗಿದ್ದೂ ಜಗತ್ತಿಗೆಲ್ಲ ಆ ಹೆಸರು ಗೊತ್ತು. ಅಂಗಡಿಯಲ್ಲಿ ಮಾರಾಟವಾದ ಗೊಂಬೆಗಳ ಪ್ರಭಾವ ಅಂತೀರಾ? ಅದೂ ಹೌದು.

ಎತ್ತರ ಸುಮಾರು ಒಂದು ಮೀಟರ್. ತಲೆಗೆ ಚರ್ಮದ ಕುಲಾವಿ. ಕೈಯಲ್ಲಿ ಈಟಿ, ಕವಣೆ, ಬಿಲ್ಲು, ಕಲ್ಲಿನ ಕೊಡಲಿ. ಮನೆಗಳು ನೆಲದ ಮೇಲಿಲ್ಲ. ಮುಗಿಲು ಮುಟ್ಟುವ ಮರಗಳ ಬೊಡ್ಡೆಯ ಸುತ್ತ ಅಟ್ಟ ಕಟ್ಟಿ, ಮೇಲೆ ಹುಲ್ಲಿನ ಗುಡಿಸಲು ಹಾಕಿ, ಒಂದು ಮರದಿಂದ ಇನ್ನೊಂದಕ್ಕೆ ತೂಗುಸೇತುವೆ ಬಿಟ್ಟಿದ್ದಾರೆ. ನಮ್ಮ ಕಡೆ ಆನೆ ಕಾಯೋಕೆ ಮರದ ಮೇಲೆ ಅಟ್ಟಣೆ ಹಾಕೋದಿಲ್ಲವೇ, ಆ ಥರದ ಅಟ್ಟಣೆಗಳ ಒಂದು ಊರನ್ನೇ ಊಹಿಸಿಕೊಳ್ಳಿ. ಅಲ್ಲಿ ತಾಯಂದಿರಿದ್ದಾರೆ, ಕಂಕುಳ ಕೂಸುಗಳಿವೆ. ಚಿರ್ಪಾ ಎಂಬ ಮುಖ್ಯಸ್ಥನಿದ್ದಾನೆ. ತಲೆಬುರುಡೆಯ ಕಿರೀಟ ತೊಟ್ಟ ಲಾಗ್ರೇ ಎಂಬ ಪೂಜಾರಿಯಿದ್ದಾನೆ.

ಕಾಡಿನ ದಾರಿಯಲ್ಲಿ ಮಾಂಸದ ತುಂಡು ಕಟ್ಟಿ ಬಲೆ ಒಡ್ಡುವುದು ಇವರ ಬೇಟೆಯ ಕ್ರಮ. ನಮ್ಮ ಹೀರೋಗಳು ಸಿಕ್ಕಿಬೀಳುವುದೂ ಅದೇ ಬಲೆಯಲ್ಲಿ! ಆಗ ಈವಾಕ್‌ಗಳ ಕಣ್ಣಿಗೆ ಬೀಳುತ್ತಾನೆ ತ್ರೀಪಿಯೋ, ಚಿನ್ನದ ಬಣ್ಣದ ಯಂತ್ರಮಾನವ. ಕಂಡದ್ದೇ ತಡ, 'ದೇವರು!' ಅಂತ ಅಡ್ಡಬೀಳುತ್ತಾರೆ. ದೇವರಿಗೆ ನೈವೇದ್ಯ ಬೇಡವೆ? ಹಾನ್ ಸೋಲೋನನ್ನೂ ಲ್ಯೂಕ್‌ನನ್ನೂ ಕೋಲಿಗೆ ಕಟ್ಟಿ, ಕೆಳಗೆ ಸೌದೆ ಒಟ್ಟಿ, ಹುರಿಯುವುದಕ್ಕೆ ತಯಾರಿ ಮಾಡುತ್ತಾರೆ. ಆದ್ದರಿಂದ ಸ್ವಾಮಿ, ಇವರು ಬರೀ ಮುದ್ದು ಗೊಂಬೆಗಳಲ್ಲ. ಮನುಷ್ಯರನ್ನು ಹುರಿದು ಔತಣ ಮಾಡಬಲ್ಲ ಜನ!

ಇದೇ ಜನ ರಾಜಕುಮಾರಿ ಲೇಯಾಳನ್ನು ನಡೆಸಿಕೊಂಡ ರೀತಿ ನೋಡಿ. ಆಕೆ ವಾಹನದಿಂದ ಬಿದ್ದು ಎಚ್ಚರ ತಪ್ಪಿರುತ್ತಾಳೆ. ವಿಕೆಟ್ ಎಂಬ ಮರಿ ಈವಾಕ್ ಈಟಿಯಿಂದ ಮೆಲ್ಲಗೆ ತಿವಿದು ನೋಡುತ್ತದೆ. ಆಕೆ ತಿಂಡಿ ಕೊಟ್ಟ ಮೇಲೆ ಸ್ನೇಹ. ಮುಂದೆ ಊರಿಗೆ ಕರೆದೊಯ್ದು ತಮ್ಮದೇ ಉಡುಪು ಕೊಟ್ಟು ಮನೆಮಗಳ ಹಾಗೆ ಇಟ್ಟುಕೊಳ್ಳುತ್ತಾರೆ.

ನನಗೆ ಬಲು ಇಷ್ಟವಾದ ದೃಶ್ಯ ಇನ್ನೊಂದಿದೆ. ರಾತ್ರಿ, ಗುಡಿಸಲೊಳಗೆ ಬೆಂಕಿ. ಸುತ್ತ ಮಕ್ಕಳು ಮರಿ ಎಲ್ಲ ಕೂತಿದ್ದಾರೆ. ತ್ರೀಪಿಯೋ ಅವರ ಭಾಷೆಯಲ್ಲಿ ಹಿಂದಿನ ಎರಡು ಚಿತ್ರಗಳ ಕಥೆಯನ್ನೆಲ್ಲ ಹೇಳುತ್ತಾನೆ, ಬಾಯಲ್ಲೇ ವಿಮಾನದ ಸದ್ದು, ಗುಂಡಿನ ಸದ್ದು ಮಾಡುತ್ತಾ. ನಮ್ಮ ಹರಿಕಥೆಯ ಹಾಗೇ! ಕೇಳಿದವರು ಕೇಳಿ, ಕೊನೆಗೆ ಹಿರಿಯರು ಮಾತಾಡಿಕೊಂಡು, ಬಂದವರನ್ನು ತಮ್ಮ ಕುಲಕ್ಕೇ ಸೇರಿಸಿಕೊಳ್ಳುತ್ತಾರೆ. ಯುದ್ಧಕ್ಕೆ ಅವರನ್ನು ಎಳೆದದ್ದು ಕೂಲಿಯ ಆಸೆಯಲ್ಲ, ಅಧಿಕಾರದ ಆಸೆಯಲ್ಲ. ಒಂದು ಕಥೆ ಕೇಳಿ ಎದ್ದುನಿಂತ ಜನ ಅವರು.

* * *

ಈಗ ಶಿವಮೊಗ್ಗದ ಮಿತ್ರರ ತಕರಾರಿಗೆ ಬರೋಣ. ಕಲ್ಲು ಹೊಡೆದು ಸೈನ್ಯ ಸೋಲಿಸಿದರಾ?

ಇಲ್ಲ. ಫೈಟನ್ನು ಇನ್ನೊಂದು ಸಲ ನೋಡಿ. ಕಲ್ಲು ಹೊಡೆದಾಗ ಎರಡು ಕಾಲಿನ ಆ ಉಕ್ಕಿನ ಯಂತ್ರಕ್ಕೆ ಏನೂ ಆಗುವುದಿಲ್ಲ. ಬಳ್ಳಿ ಎಳೆದು ಯಂತ್ರದ ಕಾಲು ತೊಡರಿಸಲು ಹೋದವರನ್ನು ಅದೇ ದರದರ ಎಳೆದುಕೊಂಡು ಹೋಗುತ್ತದೆ. ರೆಕ್ಕೆ ಕಟ್ಟಿಕೊಂಡು ಹಾರಿದವರು ಗುಂಡು ತಿಂದು ಬೀಳುತ್ತಾರೆ. ಮೊದಲ ಸುತ್ತು ಪೂರ್ತಿ ಸೋಲು! ಗೆಲುವು ಬಂದದ್ದು ಆಮೇಲೆ, ಮರದ ದಿಮ್ಮಿಗಳಿಂದ. ಮೇಲಿಂದ ದಿಮ್ಮಿಗಳನ್ನು ಉರುಳಿಸಿ ಯಂತ್ರದ ಕಾಲು ಜಾರಿಸುತ್ತಾರೆ. ಎರಡು ಭಾರೀ ದಿಮ್ಮಿಗಳನ್ನು ಎರಡು ಕಡೆಯಿಂದ ತೂಗಿಬಿಟ್ಟು ಯಂತ್ರದ ತಲೆಯನ್ನು ಅಪ್ಪಚ್ಚಿ ಮಾಡುತ್ತಾರೆ. ಮರ ಎಷ್ಟು ತೂಗುತ್ತದೆ, ಎಲ್ಲಿ ಕಟ್ಟಿದರೆ ಎಲ್ಲಿಗೆ ಬಡಿಯುತ್ತದೆ ಅಂತ ಹುಟ್ಟಿದಾಗಿನಿಂದ ಗೊತ್ತಿದ್ದವರು ಮಾಡಿದ ಕೆಲಸ ಅದು. ಜೊತೆಗೆ ಶತ್ರುವಿನ ಒಂದು ಯಂತ್ರವನ್ನು ಚ್ಯೂಬಾಕಾ ಕಸಿದುಕೊಳ್ಳುತ್ತಾನೆ, ಹಾನ್ ಸೋಲೋ ಉಪಾಯದಿಂದ ಬಾಗಿಲು ತೆಗೆಸುತ್ತಾನೆ. ಎಲ್ಲ ಸೇರಿ ಗೆದ್ದದ್ದು.

ಇದು ಲೂಕಾಸ್‌ಗೆ ಸುಮ್ಮನೆ ಹೊಳೆದದ್ದಲ್ಲ. ವಿಯೆಟ್ನಾಂನಲ್ಲಿ ಕಾಡು ಬಲ್ಲ ಬಡ ರೈತರು ವಿಮಾನ, ಬಾಂಬು ಇದ್ದ ಅಮೆರಿಕವನ್ನು ಹಣಿದದ್ದೇ ಇದರ ಹಿಂದಿನ ಪ್ರೇರಣೆ ಅಂತ ಆತನೇ ಹೇಳಿದ್ದಾನೆ. ವಿಯೆಟ್ನಾಂ ಬಗ್ಗೆ ಪ್ರಸಿದ್ಧವಾದ 'ಅಪಾಕಲಿಪ್ಸ್ ನೌ' ಚಿತ್ರವನ್ನು ಮೊದಲು ಲೂಕಾಸ್‌ನೇ ನಿರ್ದೇಶಿಸಬೇಕಿತ್ತು. ಕೊನೆಗೆ 1979ರಲ್ಲಿ ಅದು ಕೊಪ್ಪೋಲಾ ಕೈಯಲ್ಲಿ ಬಂತು. ಲೂಕಾಸ್ ತನ್ನ ವಿಯೆಟ್ನಾಮನ್ನು ಕರಡಿ ವೇಷದಲ್ಲಿ ತಂದ, ಅಷ್ಟೇ.

* * *

ಇನ್ನು ವೇಷದ ಒಳಗಿನವರ ಕಥೆ. ಲಂಡನ್ ಕಡೆ ರೇಡಿಯೋದಲ್ಲಿ ಒಂದು ಪ್ರಕಟಣೆ ಬಂತು: ನಾಲ್ಕಡಿಗಿಂತ ಕುಳ್ಳಗಿರುವವರು ಸಿನಿಮಾಕ್ಕೆ ಬೇಕು. ಒಬ್ಬ ಅಜ್ಜಿ ಅದನ್ನು ಕೇಳಿ ಮೊಮ್ಮಗನನ್ನು ಕಳಿಸಿದಳು. ಹುಡುಗನ ಹೆಸರು ವಾರ್ವಿಕ್ ಡೇವಿಸ್. ವಯಸ್ಸು 11, ಎತ್ತರ ಮೂರಡಿಗೂ ಕಡಿಮೆ. ಗುಂಪಿನಲ್ಲಿ ಗೋವಿಂದ ಅನ್ನೋ ಹಾಗೆ ಸೇರಿಕೊಂಡ. ವಿಕೆಟ್ ಪಾತ್ರ ಮಾಡಬೇಕಿದ್ದವರು ಕೆನ್ನಿ ಬೇಕರ್, ಆರ್‌ಟು-ಡಿಟು ಡಬ್ಬದೊಳಗೆ ಕೂತು ಹೆಸರು ಮಾಡಿದ್ದ ನಟ. ಲೇಯಾ ಜೊತೆಗಿನ ದೃಶ್ಯದ ದಿನವೇ ಅವರಿಗೆ ಹುಷಾರು ತಪ್ಪಿತು. ಪಾತ್ರ ಹುಡುಗನ ಪಾಲಾಯಿತು! ಆ ಮರಿ ಈವಾಕ್ ತಲೆಯನ್ನು ಓರೆ ಮಾಡಿ ನೋಡುವುದಿದೆಯಲ್ಲ, ಅದನ್ನು ಆತ ಕಲಿತದ್ದು ತನ್ನ ಮನೆಯ ನಾಯಿಯಿಂದ. ಮುಂದೆ 1988ರಲ್ಲಿ ಅದೇ ವಾರ್ವಿಕ್ 'ವಿಲ್ಲೋ' ಚಿತ್ರಕ್ಕೆ ನಾಯಕನಾದ. 2019ರಲ್ಲಿ ಮತ್ತೆ ಒಂದು ಕ್ಷಣ ವಿಕೆಟ್ ಆಗಿ ಪರದೆಗೆ ಬಂದ. ಹ್ಯಾರಿ ಪಾಟರ್ ನೋಡಿದವರಿಗೆ ಫ್ಲಿಟ್‌ವಿಕ್ ಮೇಷ್ಟ್ರಾಗಿಯೂ ಗೊತ್ತು.

ಕಾಡಿನಲ್ಲಿ ಆ ತುಪ್ಪಳದ ವೇಷ ತೊಟ್ಟು ಡಜನ್‌ಗಟ್ಟಲೆ ಕುಳ್ಳ ಕಲಾವಿದರು ಓಡಿದರು, ಬಿದ್ದರು, ಬೆವರಿದರು. ಒಳಗೆ ಉಸಿರುಕಟ್ಟುವ ಸೆಕೆ, ಕಣ್ಣಿಗೆ ದಾರಿ ಸರಿಯಾಗಿ ಕಾಣದು. ನಾವು ಗೊಂಬೆ ಅಂದದ್ದು ಇವರನ್ನು.

* * *

ಈಗ ಗಿಡ್ಡನ ಪ್ರಶ್ನೆ. ಅವು ಮಾತಾಡಿದ್ದು ಯಾವ ಭಾಷೆ?

ಸ್ಟಾರ್ ವಾರ್ಸ್ ಚಿತ್ರಗಳ ಶಬ್ದ ಮಾಂತ್ರಿಕ ಬೆನ್ ಬರ್ಟ್. ಈವಾಕ್‌ಗಳಿಗೆ ಯಾರೂ ಕೇಳಿರದ ಮಾತು ಬೇಕು ಅಂತ ಆತ ಹುಡುಕುತ್ತಿದ್ದಾಗ, ಬಿಬಿಸಿಯ ಒಂದು ಸಾಕ್ಷ್ಯಚಿತ್ರದಲ್ಲಿ ವಿಚಿತ್ರ ಇಂಪಿನ ಭಾಷೆಯೊಂದು ಕಿವಿಗೆ ಬಿತ್ತು. ವಿಚಾರಿಸಿದರೆ ಅದು ಕಲ್ಮಿಕ್. ಆ ಭಾಷೆಯ ನಿರಾಶ್ರಿತೆಯೊಬ್ಬಳನ್ನು ಪತ್ತೆ ಮಾಡಿದ. 80 ವರ್ಷದ ಅಜ್ಜಿ. ಆಕೆಯಿಂದ ತನ್ನ ನಾಡಿನ ಜನಪದ ಕಥೆಗಳನ್ನು ಹೇಳಿಸಿ ಟೇಪ್ ಮಾಡಿಕೊಂಡ. ಕಂಠದಾನ ಕಲಾವಿದರು ಆ ಧ್ವನಿಯನ್ನು ಅನುಕರಿಸಿದರು. ತ್ರೀಪಿಯೋ ಪಾತ್ರಧಾರಿ ಆಂಥೋನಿ ಡೇನಿಯಲ್ಸ್ ಬರ್ಟ್ ಜೊತೆ ಕೂತು ಅದೇ ಟೇಪಿನ ಆಧಾರದ ಮೇಲೆ ಮಾತು ಕಟ್ಟಿದರು. ಈವಾಕ್ ಮಾತು ಹುಟ್ಟಿದ್ದು ಹೀಗೆ.

ಕಲ್ಮಿಕ್ ಜನ ಯಾರು? ಮಂಗೋಲ್ ಮೂಲದವರು, ಬೌದ್ಧರು. 17ನೇ ಶತಮಾನದಲ್ಲಿ ಕುರಿ, ಕುದುರೆ ಹೊಡೆದುಕೊಂಡು ಪೂರ್ವದಿಂದ ಬಂದು ಕ್ಯಾಸ್ಪಿಯನ್ ಸಮುದ್ರದ ಹತ್ತಿರ ರಷ್ಯಾದಲ್ಲಿ ನೆಲೆಸಿದರು. ಅದು ಕಾಡಲ್ಲ, ಕಣ್ಣು ಹಾಯಿಸಿದಷ್ಟೂ ಹುಲ್ಲುಗಾವಲು. 1943ರ ಡಿಸೆಂಬರಿನಲ್ಲಿ ಸ್ಟಾಲಿನ್ ಸರ್ಕಾರ ಇಡೀ ಜನಾಂಗವನ್ನೇ ದ್ರೋಹಿಗಳೆಂದು ಕರೆಯಿತು. ಮುದುಕರು, ಮಕ್ಕಳು, ಬಾಣಂತಿಯರು ಅನ್ನದೆ 90 ಸಾವಿರಕ್ಕೂ ಹೆಚ್ಚು ಮಂದಿಯನ್ನು ಚಳಿಗಾಲದಲ್ಲಿ ರೈಲು ಡಬ್ಬಿಗಳಿಗೆ ತುಂಬಿ ಸೈಬೀರಿಯಾಕ್ಕೆ ಅಟ್ಟಿತು. ದಾರಿಯಲ್ಲೇ, ಆಮೇಲೆ ಅಲ್ಲೂ ಸಾವಿರಾರು ಜನ ಸತ್ತರು. ಉಳಿದವರಿಗೆ ಊರಿಗೆ ಮರಳಲು ಸಾಧ್ಯವಾದದ್ದು 1957ರ ಹೊತ್ತಿಗೆ. ಅಷ್ಟರಲ್ಲಿ ಒಂದು ಪೀಳಿಗೆ ತನ್ನ ನುಡಿಯನ್ನು ಶಾಲೆಯಲ್ಲಿ ಕಲಿಯದೆಯೇ ಬೆಳೆದಿತ್ತು. ಯುದ್ಧದಲ್ಲಿ ಯೂರೋಪಿನ ಕಡೆ ಚದುರಿದ ಕೆಲವು ನೂರು ಮಂದಿ 1950ರ ದಶಕದ ಆರಂಭದಲ್ಲಿ ಅಮೆರಿಕ ಸೇರಿದರು. ಇವತ್ತು ಕಲ್ಮಿಕ್ ಭಾಷೆ ಯುನೆಸ್ಕೋದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿದೆ.

ಚಿತ್ರದಲ್ಲಿ ತ್ರೀಪಿಯೋ ಈ ಮಾತನ್ನು ಹಿಂದುಳಿದ ಆಡುನುಡಿ ಅನ್ನುತ್ತಾನೆ. ಅರವತ್ತು ಲಕ್ಷ ಭಾಷೆ ಬಲ್ಲ ಯಂತ್ರ! ಪಾರ್ಲರಿನ ಬಾಗಿಲಲ್ಲಿ ನಾನು ಹೇಳಿದ್ದೂ ಇನ್ನೇನು? ನೆಲೆ ಕಳೆದುಕೊಂಡ ಒಬ್ಬ ಅಜ್ಜಿ ತನ್ನ ಊರಿನ ಕಥೆ ಹೇಳಿದ್ದಳು. ನಾನದನ್ನು ಒದರಾಟ ಅಂದುಬಿಟ್ಟಿದ್ದೆ.

ಈ ಕಲ್ಮಿಕ್ ಜನರಿಗೂ ನಮಗೂ ನಂಟಿದೆ ಅಂದರೆ ನಂಬುತ್ತೀರಾ? ಹುಬ್ಬಳ್ಳಿಯಲ್ಲಿ ಮುಂಡಗೋಡದ ಬಸ್ಸು ಹತ್ತಿ. ಅಲ್ಲಿನ ಟಿಬೆಟನ್ ನೆಲೆಯಲ್ಲಿ ಡ್ರೆಪುಂಗ್ ಗೋಮಾಂಗ್ ಎಂಬ ಬೌದ್ಧ ಮಠವಿದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1972ರಲ್ಲಿ ಕಲ್ಮಿಕ್ ಮನೆತನದಲ್ಲಿ ಹುಟ್ಟಿದ ಹುಡುಗನೊಬ್ಬ ಚಿಕ್ಕಂದಿನಲ್ಲೇ ಈ ಮಠಕ್ಕೆ ಬಂದು, ಇಲ್ಲೇ ಓದಿ ಬೆಳೆದ. ಆತನೇ ತೇಲೋ ರಿನ್‌ಪೋಚೆ. 1992ರಲ್ಲಿ ಕಲ್ಮಿಕಿಯಾದ ಪ್ರಧಾನ ಲಾಮಾ ಆಗಿ ಹೋಗಿ, 2023ರ ತನಕ ಆ ಸ್ಥಾನದಲ್ಲಿದ್ದರು. ನಾವು ವಿಡಿಯೋ ಪಾರ್ಲರಿನಲ್ಲಿ ಆ ಭಾಷೆಗೆ ನಗುತ್ತಿದ್ದ ಕಾಲಕ್ಕೆ, ಆ ಜನರ ಮುಂದಿನ ಗುರು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಪಾಠ ಓದುತ್ತಿದ್ದ!

* * *

ಭಾಷೆ ಎರವಲು. ಹೆಸರೂ ಎರವಲೇ. 'ಈವಾಕ್' ಎಂಬ ಪದ ಬಂದದ್ದು ಮೀವಾಕ್ ಎಂಬ ಹೆಸರಿನಿಂದ. ಕ್ಯಾಲಿಫೋರ್ನಿಯಾದಲ್ಲಿ ಲೂಕಾಸ್‌ನ ಸ್ಟುಡಿಯೋ ಇರುವ ನೆಲದ ಮೂಲನಿವಾಸಿಗಳು ಅವರು. ಬಿಳಿಯರು ಬಂದ ಮೇಲೆ ನೆಲವೂ ಹೋಯಿತು, ಜನವೂ ಕರಗಿದರು. ಕರಾವಳಿ ಮೀವಾಕ್‌ರ ವಂಶಸ್ಥರಿಗೆ ಅಮೆರಿಕ ಸರ್ಕಾರದ ಮಾನ್ಯತೆ ಮತ್ತೆ ಸಿಕ್ಕಿದ್ದು 2000ದಲ್ಲಿ.

ಇನ್ನು ಕಾಡು? ಅದು ಸೆಟ್ಟಲ್ಲ, ನಿಜವಾದ ಕಾಡು. ಉತ್ತರ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳು. ಭೂಮಿಯ ಮೇಲಿನ ಅತಿ ಎತ್ತರದ ಮರಗಳು ಇವೇ, 115 ಮೀಟರ್ ದಾಟಿದ್ದೂ ಉಂಟು. ಎರಡು ಸಾವಿರ ವರ್ಷ ಬದುಕಬಲ್ಲವು. 1982ರಲ್ಲಿ ಚಿತ್ರತಂಡ ಅಲ್ಲಿಗೆ ಹೋದದ್ದು ಗುಟ್ಟಾಗಿ, 'ಬ್ಲೂ ಹಾರ್ವೆಸ್ಟ್' ಎಂಬ ಸುಳ್ಳು ಹೆಸರಿನ ದೆವ್ವದ ಸಿನಿಮಾ ತೆಗೆಯುತ್ತೇವೆ ಅಂತ ನಾಟಕ ಆಡಿಕೊಂಡು! ಮರಗಳ ನಡುವೆ ವಾಹನಗಳು ಮಿಂಚಿನಂತೆ ಹಾರುವ ಚೇಸಿಂಗ್ ಇದೆಯಲ್ಲ, ಅದಕ್ಕೆ ಸ್ಟೆಡಿಕ್ಯಾಮ್ ಕಂಡುಹಿಡಿದ ಗ್ಯಾರೆಟ್ ಬ್ರೌನ್ ಕ್ಯಾಮೆರಾ ಕಟ್ಟಿಕೊಂಡು ಕಾಡಿನಲ್ಲಿ ಸುಮ್ಮನೆ ನಡೆದರು. ಕ್ಯಾಮೆರಾ ಓಡಿದ್ದು ಸೆಕೆಂಡಿಗೆ ಒಂದು ಫ್ರೇಮಿಗಿಂತಲೂ ಕಡಿಮೆ. ಅದನ್ನು 24 ಫ್ರೇಮಿನಲ್ಲಿ ತೋರಿಸಿದಾಗ ನಡಿಗೆಯೇ ರಾಕೆಟ್ ಆಯಿತು.

ಆ ಚೇಸಿಂಗ್ ತೆಗೆದ ತೋಪು ಸರ್ಕಾರಿ ಉದ್ಯಾನದೊಳಗಿದೆ, ಇಂದೂ ನಿಂತಿದೆ. ಆದರೆ ಈವಾಕ್‌ಗಳು ಓಡಾಡಿದ, ಕಾಳಗ ನಡೆದ ಕಾಡು ಖಾಸಗಿ ಮರದ ಕಂಪನಿಯದಾಗಿತ್ತು. ಆಮೇಲೆ ಅದನ್ನು ಕಡಿದರು. ಚಕ್ರವರ್ತಿಯ ಸೈನ್ಯದ ಕೈಲಾಗದ್ದನ್ನು ಗರಗಸ ಮಾಡಿ ಮುಗಿಸಿತು. ಹಿಂದೆ ಇದ್ದ ಪುರಾತನ ರೆಡ್‌ವುಡ್ ಕಾಡಿನಲ್ಲಿ ಈಗ ಉಳಿದಿರುವುದು ನೂರಕ್ಕೆ ಐದು ಪಾಲು ಮಾತ್ರ.

ಹಾಡೂ ಉಳಿಯಲಿಲ್ಲ. ಗೆದ್ದ ರಾತ್ರಿ ಈವಾಕ್‌ಗಳು ಸತ್ತ ಸೈನಿಕರ ಶಿರಸ್ತ್ರಾಣಗಳನ್ನೇ ತಮಟೆ ಮಾಡಿಕೊಂಡು ಹಾಡುತ್ತಾರೆ. ಸಂಗೀತ ಜಾನ್ ವಿಲಿಯಮ್ಸ್. ಈವಾಕ್ ಭಾಷೆಯ ಸಾಹಿತ್ಯ ಬೆನ್ ಬರ್ಟ್‌ದು. 1997ರಲ್ಲಿ ಚಿತ್ರವನ್ನು ತಿದ್ದಿ ಮತ್ತೆ ಬಿಡುಗಡೆ ಮಾಡಿದಾಗ ಲೂಕಾಸ್ ಆ ಹಾಡನ್ನು ತೆಗೆದು ಬೇರೆ ಸಂಗೀತ ಹಾಕಿದ. ಈಗ ಹೊಸದಾಗಿ ನೋಡುವವರಿಗೆ ಸಿಗುವುದು ಆ ತಿದ್ದಿದ ಪ್ರತಿಯೇ. ಹಾಡು ಕೇಳಿದ್ದವರು ನಾವು, ಹಳೇ ಕ್ಯಾಸೆಟ್ಟಿನವರು.

ನೋಡಿ, ಲೆಕ್ಕ ಎಷ್ಟು ವಿಚಿತ್ರ! ಪರದೆಯ ಮೇಲೆ ಕಾಡಿನ ಪುಟ್ಟ ಜನ ಗೆದ್ದರು. ಪರದೆಯ ಹೊರಗೆ ಅವರ ಕಾಡು, ಅವರ ಹಾಡು, ಅವರಿಗೆ ನುಡಿ ಕೊಟ್ಟವರ ನೆಲೆ ಒಂದೊಂದಾಗಿ ಸೋತವು. ಚೆನ್ನಾಗಿ ಬಾಳಿದ್ದು ಗೊಂಬೆ ವ್ಯಾಪಾರ ಒಂದೇ.

* * *

ಹೋದ ಜಾತ್ರೆಗೆ ಊರಿಗೆ ಹೋಗಿದ್ದೆ. ವಿಡಿಯೋ ಪಾರ್ಲರ್ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಎದ್ದಿದೆ. ಅದರ ಎದುರಿನ ಚಹಾ ಅಂಗಡಿ ಈಗ ಅವನದೇ. ತಲೆ ಬೆಳ್ಳಗಾಗಿದೆ. ಗಲ್ಲದ ಹಿಂದೆ ಎತ್ತರದ ಹಲಗೆ ಹಾಕಿಸಿಕೊಂಡು ಅದರ ಮೇಲೆ ನಿಂತು ಚಹಾ ಸೋಸುತ್ತಿದ್ದ. ಈ ಸಲ ನಾನು ಹೆಸರು ಹಿಡಿದು ಕರೆದೆ. ತಿರುಗಿ ನೋಡಿ, 'ಏನಪ್ಪಾ ಕಾಲೇಜು!' ಅಂದ. ಕೂತು ಎಲ್ಲ ಹೇಳಿದೆ: ಅಜ್ಜಿ, ಟೇಪು, ಸೈಬೀರಿಯಾ, ಮುಂಡಗೋಡ. ಅವತ್ತು ನಾನು ಹೇಳಿದ್ದು ತಪ್ಪು ಕಣೋ ಅಂತಲೂ ಹೇಳಿದೆ.

ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಲೋಟ ತೊಳೆಯುತ್ತಾ ಹೇಳಿದ: 'ನಂಗೆ ಅವತ್ತೇ ಅನ್ಸಿತ್ತು, ಭಾಷೇನೇ ಇರಬೇಕು ಅಂತ. ಆ ಸತ್ತವನ್ನ ಎಬ್ಬಿಸೋಕೆ ನೋಡ್ತಾನಲ್ಲ, ಆಗ ಅವನು ಕರೆದದ್ದು ಮನೇವ್ರನ್ನ ಕರೆದಂಗಿತ್ತು. ನಿಮ್ಗೆಲ್ಲ ನಗು ಜಾಸ್ತಿ ಇತ್ತು, ಕೇಳಿಸ್ಲಿಲ್ಲ.'

ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

ಶಿವಮೊಗ್ಗದ ಮಿತ್ರರೇ, ಆ ಪಿಚ್ಚರನ್ನು ಇನ್ನೊಂದು ಸಲ ನೋಡಿ. ನಗು ಬಂದರೆ ಧಾರಾಳವಾಗಿ ನಗಿ, ತಪ್ಪಿಲ್ಲ. ಆ ಒಂದು ದೃಶ್ಯ ಬಂದಾಗ ಮಾತ್ರ ಸ್ವಲ್ಪ ಸುಮ್ಮನಿದ್ದು ಕೇಳಿ. ಆಮೇಲೆ ನನಗೊಂದು ಕಾರ್ಡು ಹಾಕಿ.

ಮುಂದಿನ ವಾರ ಮತ್ತೆ ಇದೇ ಬೆಂಚಿನಲ್ಲಿ ಸಿಗೋಣ.